ಉಡಿ ತುಂಬಿಸಿಕೊಂಡ ದೆವ್ವದ ಕುರಿತು ನಿರ್ದೇಶಕರಿಗೊಂದು ಅಹವಾಲು

ಮಾನ್ಯ ನಿರ್ದೇಶಕರೇ,

ತಮ್ಮ ‘ಮೆಟ್ಟಿಲ ಕೆಳಗೆ ಆಕೆ’ ಎಂಬ ಚಿತ್ರ ಮುಗಿದ ಮೇಲೆ ಪರದೆಯ ಮೇಲೆ ಓಡುವ ಹೆಸರುಗಳ ಸಾಲಿನಲ್ಲಿ, ಜನರೇಟರಿನವರಾದ ಮೇಲೆ ಮತ್ತು ಊಟದ ವ್ಯವಸ್ಥೆಯವರಿಗಿಂತ ಮೊದಲು, ‘ಇಳಕಲ್ಲಿನ ವಿಮಲಾಬಾಯಿಯವರಿಗೆ ಕೃತಜ್ಞತೆಗಳು’ ಎಂಬುದೊಂದು ಸಾಲು ಬಂದು, ಓದುವುದರೊಳಗೆ ಮಾಯವಾಗುತ್ತದೆ. ಆ ವಿಮಲಾಬಾಯಿಯವರ ಮಗಳೂ, ಬಾಗಲಕೋಟೆಯ ನವನಗರದಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡವಳೂ ಆದ ಪದ್ಮಜಾ ಎಂಬ ನಾನು, ತಮಗೆ, ತಮ್ಮ ಛಾಯಾಗ್ರಾಹಕರಿಗೆ, ಚಿತ್ರದುದ್ದಕ್ಕೂ ಒಂದೇ ತಂತಿಯನ್ನು ಎಳೆದೆಳೆದು ನಮ್ಮ ಕಿವಿಗಳನ್ನು ಪಾವನ ಮಾಡಿದ ತಮ್ಮ ಪಿಟೀಲಿನವರಿಗೆ, ನಮ್ಮ ಮನೆಯವರೆಲ್ಲರ ಪರವಾಗಿ ಅನಂತ ವಂದನೆಗಳನ್ನು ತಿಳಿಸುತ್ತೇನೆ. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ದೆವ್ವದ ಕ್ಷೇಮವನ್ನು ವಿಚಾರಿಸುವುದು ಪದ್ಧತಿಯೋ ಅಲ್ಲವೋ ತಿಳಿಯದ ಕಾರಣ ಅದೊಂದನ್ನು ಬಿಟ್ಟಿದ್ದೇನೆ. ತಪ್ಪಾಗಿದ್ದರೆ ಅದಕ್ಕೆ ನನ್ನ ಕ್ಷಮೆಯನ್ನು ತಲುಪಿಸಬೇಕು.

ದೂರು ಸಣ್ಣದು. ತಮ್ಮ ಚಿತ್ರದಲ್ಲಿ ಮೆಟ್ಟಿಲ ಕೆಳಗಿನಿಂದ ಎದ್ದು ಬರುವ ದೆವ್ವ ಉಟ್ಟಿರುವ ಕರಿ ರೇಷ್ಮೆ ಸೀರೆ ನನ್ನ ತಾಯಿಯದು. ಅದನ್ನು ನಮ್ಮ ಕಡೆ ಚಂದ್ರಕಾಳಿ ಎನ್ನುತ್ತಾರೆ. ಬಸುರಿಗೆ ಕುಬುಸ ಮಾಡುವ ದಿನ, ಅಂದರೆ ತಮ್ಮ ಕಡೆಯವರು ಸೀಮಂತ ಎನ್ನುವ ದಿನ, ಉಡಿಸುವ ಸೀರೆ ಅದು. ಮೈತುಂಬ ಆನೆ, ಗೋಪುರ, ತುಳಸಿಕಟ್ಟೆಗಳ ಕಸೂತಿಯನ್ನು ನನ್ನ ತಾಯಿ ತಮ್ಮ ಕೈಯಿಂದಲೇ ಹಾಕಿದ್ದು, ಮುಂದೆ ಬರಲಿರುವ ಸೊಸೆಗಾಗಿ. ಸೊಸೆ ಬಂದಳು, ಈಗ ಅವಳಿಗೆ ಏಳನೆಯ ತಿಂಗಳು. ಅಷ್ಟರಲ್ಲಿ ತಮ್ಮ ಚಿತ್ರವೂ ಬಂದಿತು. ಆ ಸೊಸೆ, ನನ್ನ ತಮ್ಮ ಸತ್ಯಬೋಧನ ಹೆಂಡತಿ ಪ್ರಿಯದರ್ಶಿನಿ, ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಅತ್ಯಾ, ನಾ ಆ ಸೀರಿ ಉಡಂಗಿಲ್ಲ” ಎಂದಳು. ಕುಬುಸಕ್ಕೆ ಆಗ ಹತ್ತಿರ ಹತ್ತಿರ ಒಂದು ತಿಂಗಳಿತ್ತು.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನನಗೆ ದೂರಿನ ಪತ್ರ ಬರೆಯುವುದನ್ನು ಶಾಲೆಯಲ್ಲೇ ಕಲಿಸಿದ್ದರು. ಬೀದಿದೀಪ ಉರಿಯುತ್ತಿಲ್ಲ, ನಾಯಿಗಳು ಹೆಚ್ಚಾಗಿವೆ, ದಯವಿಟ್ಟು ಕ್ರಮ ಕೈಗೊಳ್ಳಿ. ಆದರೆ ಆ ಪತ್ರಗಳಲ್ಲಿ ತಪ್ಪು ಯಾರದೆಂಬುದು ಸ್ಪಷ್ಟವಾಗಿರುತ್ತಿತ್ತು. ಇಲ್ಲಿ ನನಗೆ ಹಾಗೆ ಖಾತ್ರಿಯಿಲ್ಲ. ಸೀರೆಯನ್ನು ತಾವು ಕದ್ದೊಯ್ಯಲಿಲ್ಲ, ನನ್ನ ತಾಯಿಯೇ ಟ್ರಂಕು ತೆರೆದು ಕೊಟ್ಟರು. ದೆವ್ವವೆಂಬುದು ಸುಳ್ಳೆಂದು ಬಿ.ಎಸ್ಸಿ. ಮಾಡಿರುವ ಪ್ರಿಯದರ್ಶಿನಿಗೂ ಗೊತ್ತು. ಹೀಗೆ ನೇರವಾದ ಆರೋಪಿಯೇ ಇಲ್ಲದ ದೂರಾದ್ದರಿಂದ ತಮ್ಮ ಹೆಸರಿಗೆ ಬರೆಯುತ್ತಿದ್ದೇನೆ. ತಮ್ಮ ದೆವ್ವವೂ ಕೊಂದವನನ್ನು ಬಿಟ್ಟು, ಏನೂ ತಿಳಿಯದ ಬಾಡಿಗೆದಾರರನ್ನೇ ತಾನೇ ಮೊದಲು ಹಿಡಿಯುವುದು.

ನಮ್ಮ ಮನೆಗೆ ತಾವು ಬಂದದ್ದು ನೆನಪಿರಬಹುದು. ಬಾದಾಮಿಯ ಕೆಂಪು ಬಂಡೆಗಳನ್ನು ಅವಕ್ಕೇ ನಾಚಿಕೆಯಾಗುವಷ್ಟು ಕಡೆಗಳಿಂದ ಚಿತ್ರೀಕರಿಸಿದ ಮೇಲೆ ತಮಗೊಂದು ಹಳೆಯ ಮನೆ ಬೇಕಾಯಿತು. ಇಳಕಲ್ಲಿನ ನಮ್ಮ ಮನೆಯ ಕಟ್ಟಿಗೆಯ ಕಂಬಗಳೂ, ಮಾಳಿಗೆಗೆ ಹತ್ತುವ ಇಕ್ಕಟ್ಟಿನ ಮೆಟ್ಟಿಲುಗಳೂ ತಮಗೆ ಹಿಡಿಸಿದವು. ತಮ್ಮ ವ್ಯವಸ್ಥಾಪಕರು ಕೈ ಮುಗಿದು, ‘ಕೌಟುಂಬಿಕ ಕಥೆ, ತಾಯೀ’ ಎಂದು ಒಪ್ಪಿಸಿದರು. ಅವರು ಸುಳ್ಳೇನೂ ಹೇಳಲಿಲ್ಲ. ಕಥೆಯಲ್ಲಿ ಸಾಯುವವರೆಲ್ಲರೂ ಒಂದೇ ಕುಟುಂಬದವರು. ಆಗ ಸತ್ಯಬೋಧನಿಗೆ ನಾವಿನ್ನೂ ಕನ್ಯೆ ನೋಡುತ್ತಿದ್ದೆವು. ಕನ್ಯೆ ಸಿಗುವ ಮೊದಲೇ ಅವಳ ಕುಬುಸದ ಸೀರೆಗೆ ಕಸೂತಿ ಹಾಕಿ ಮುಗಿಸಿ, ಬೇವಿನೆಲೆಯ ನಡುವೆ ಮಡಚಿಟ್ಟು ಕಾಯುತ್ತ ಕೂತ ಅತ್ತೆ ಹುನಗುಂದದಿಂದ ಇಳಕಲ್ಲಿನವರೆಗೆ ನನ್ನ ತಾಯಿ ಒಬ್ಬರೇ ಇರಬೇಕು.

ಕುಬುಸದ ದೃಶ್ಯಕ್ಕೆಂದು ತಮ್ಮ ಉಡುಪಿನ ವಿಭಾಗದವರು ಬಸುರಿಯ ಪಾತ್ರದ ನಟಿಗೆ ಕಸೂತಿಯ ಚಿತ್ರವನ್ನು ಅಚ್ಚು ಹಾಕಿದ ನೈಲಾನು ಸೀರೆ ಉಡಿಸಿದರು. ಪಡಸಾಲೆಯ ಮೂಲೆಯಲ್ಲಿ ಕೂತು ನೋಡುತ್ತಿದ್ದ ನನ್ನ ತಾಯಿಗೆ ಅದನ್ನು ಸಹಿಸಲಾಗಲಿಲ್ಲ. “ಬಸರ ಹೆಂಗಸಿಗೆ ಪ್ಲಾಸ್ಟಿಕ್ ಉಡಸೀರೇನ್ರಿ? ಆಕೀ ತವರಮನ್ಯಾವ್ರು ನೋಡಿದ್ರ ಏನಂದಾರು?” ಎಂದು ಎದ್ದರು. ಇದು ಸಿನಿಮಾ, ಇದರಲ್ಲಿ ತವರುಮನೆಯವರ ಪಾತ್ರವೇ ಇಲ್ಲ ಎಂದು ತಮ್ಮ ಸಹಾಯಕರು ವಿವರಿಸುವುದರೊಳಗೆ ಚಂದ್ರಕಾಳಿ ಹೊರಗೆ ಬಂದಾಗಿತ್ತು.

ಕೊನೆಯ ದಿನ ಅದೇ ನಟಿ ಅದೇ ಸೀರೆಯಲ್ಲಿ ದೆವ್ವವಾಗಿ, ಮುಖಕ್ಕೆ ಸುಣ್ಣ ಬಳಿದುಕೊಂಡು, ತುಟಿಯಂಚಿನಿಂದ ಕೆಂಪು ಸೋರಿಸಿಕೊಂಡು ಚಹಾ ಕೇಳಲು ಅಡುಗೆಮನೆಗೆ ಬಂದಾಗ ನನ್ನ ತಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮಾರಿ ತೊಳಕೊಂಡ ಬಾರವಾ, ಚಹಾ ಎಲ್ಲೂ ಓಡಿ ಹೋಗೂದಿಲ್ಲ” ಎಂದರು. ಮುಖ ತೊಳೆಯಲು ಅವಳಿಗೆ ಸಮಯವಿರಲಿಲ್ಲ, ಬಿಸಿಲು ಇಳಿಯುತ್ತಿದೆಯೆಂದು ತಾವು ಹೊರಗಿನಿಂದ ಕೂಗುತ್ತಿದ್ದಿರಿ. ಆದರೂ ಆ ದೆವ್ವವನ್ನು ಮಣೆಯ ಮೇಲೆ ಕೂರಿಸಿ, ಸುಣ್ಣದ ಮೇಲೆಯೇ ಅರಿಷಿಣ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಪ್ಪಸದ ಖಣ ಹಾಕಿ ಉಡಿ ತುಂಬಿಯೇ ಕಳಿಸಿದರು. ನಮ್ಮಲ್ಲಿ ಮನೆಗೆ ಬಂದ ಮುತ್ತೈದೆ, ಅದರಲ್ಲೂ ಬಸುರಿ, ಬರಿಯ ಸೆರಗಿನಲ್ಲಿ ಹೊಸ್ತಿಲು ದಾಟಬಾರದು. ಅವಳು ಬಸುರಿಯಲ್ಲ, ಹೊಟ್ಟೆಗೆ ಕಟ್ಟಿಕೊಂಡದ್ದು ತಲೆದಿಂಬು ಎಂದು ತಿಳಿದದ್ದು ತಾವೆಲ್ಲ ಹೋದ ಮೇಲೆ, ನಮ್ಮ ಮನೆಯದೇ ಒಂದು ತಲೆದಿಂಬು ಕಾಣೆಯಾದಾಗ. “ದಿಂಬ ಆದ್ರೇನಾತು? ಉಡಿ ತುಂಬಿದ್ದು ಆಕಿಗೆ, ದಿಂಬಿಗಲ್ಲ” ಎಂದು ನನ್ನ ತಾಯಿ ಆ ವಿಷಯವನ್ನು ಮುಗಿಸಿದರು. ಸೀರೆಯನ್ನು ತಾವು ಒಗೆಸಿ ವಾಪಸು ಕಳಿಸಿದಿರಿ, ಅದಕ್ಕೆ ಕೃತಜ್ಞರು. ದಿಂಬಿನ ಬಗ್ಗೆ ನಾವು ಒತ್ತಾಯಿಸುವುದಿಲ್ಲ.

ಇನ್ನು ತಮ್ಮ ಕಥೆ ಹೇಳುವ ಕಲೆಯ ಬಗ್ಗೆ ನಾಲ್ಕು ಮಾತು ಹೊಗಳದಿದ್ದರೆ ನಾನು ಕೃತಘ್ನಳಾಗುತ್ತೇನೆ, ಏಕೆಂದರೆ ತಾವೂ ನಾನೂ ಒಂದು ರೀತಿಯಲ್ಲಿ ಒಂದೇ ಕಸುಬಿನವರು. ಇಬ್ಬರೂ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಬೆಳಕನ್ನು ಹೊಂದಿಸಿ, ಬಾಯಿ ತೆರೆಸುವವರು. ಉಪಕರಣಕ್ಕಿಂತ ಅದರ ಸದ್ದು ಹೆಚ್ಚು ಹೆದರಿಸುತ್ತದೆಂದು ಇಬ್ಬರಿಗೂ ಗೊತ್ತು. ಒಳಗೆ ಯಾರದೋ ಹಲ್ಲು ಕೊರೆಯುವುದನ್ನು ಕೇಳಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತವರು, ನಾನು ಕೈ ತೊಳೆದು ಬರುವುದರೊಳಗೆ ಅರ್ಧ ಸತ್ತಿರುತ್ತಾರೆ. ಬೇವೂರಿನಿಂದ ಬಂದಿದ್ದ ಕನಕಪ್ಪ ಎಂಬ ಹಿರಿಯರು ಕಳೆದ ತಿಂಗಳು, ನಾನು ಬಾಯೊಳಗೆ ಬರಿಯ ಕನ್ನಡಿ ಇಟ್ಟಾಗಲೇ ಚೀರಿದರು. ಇನ್ನೂ ಏನೂ ಮಾಡಿಲ್ಲವಲ್ಲ ಎಂದರೆ, “ಅದಕ್ಕ ಅಂಜಿಕಿ ಬರಾಕತ್ತೈತ್ರಿ ಮೇಡಮ್ಮಾರ, ಮಾಡಿದ್ರ ಮುಗದ ಹೋಗತಿತ್ತಲ್ಲ” ಎಂದರು. ತಮ್ಮ ಚಿತ್ರದ ಮೊದಲರ್ಧವೆಲ್ಲ ಇಷ್ಟೇ: ಏನೂ ಮಾಡದೆ ಕನ್ನಡಿ ತೋರಿಸುವುದು.

ಮೊದಲು ಬೆಕ್ಕು, ಆಮೇಲೆ ದೆವ್ವ ಎಂಬ ತಮ್ಮ ನಿಯಮವನ್ನು ನಾನು ಬಹಳ ಮೆಚ್ಚಿದ್ದೇನೆ. ಬಾಗಿಲು ತಾನಾಗಿ ಕಿರುಗುಟ್ಟುತ್ತದೆ, ಬಾಡಿಗೆಗೆ ಬಂದ ನಾಯಕಿ ದೀಪ ಹಚ್ಚುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಾಳೆ, ಪಿಟೀಲು ಏರುತ್ತದೆ, ಬೆಕ್ಕೊಂದು ಹಾರುತ್ತದೆ. ನಾವು ನಿಟ್ಟುಸಿರು ಬಿಡುತ್ತೇವೆ, ಆ ಉಸಿರು ಅರ್ಧಕ್ಕೆ ಬಂದಾಗ ದೆವ್ವ ನಿಂತಿರುತ್ತದೆ. ನಿಟ್ಟುಸಿರು ಬಿಟ್ಟವರನ್ನೇ ಹಿಡಿಯಬೇಕೆಂಬ ಈ ಉಪಾಯ ಅಮೋಘವಾದದ್ದು, ಚುಚ್ಚುಮದ್ದು ಹಾಕುವಾಗ ಎಳೆಯ ಮಕ್ಕಳ ಮೇಲೆ ನಾನೂ ಅದನ್ನು ಪ್ರಯೋಗಿಸುತ್ತೇನೆ. ನಾಯಕಿ ದೆವ್ವ ಕಂಡೆನೆಂದಾಗ ಅವಳ ಗಂಡ, ಅವಳ ವೈದ್ಯ ಮತ್ತು ಅವಳ ಪೊಲೀಸು ಮೂವರೂ ‘ನಿನಗೆ ವಿಶ್ರಾಂತಿ ಬೇಕು’ ಎನ್ನುತ್ತಾರೆ. ಇದನ್ನು ಮಾತ್ರ ತಾವು ಕಲ್ಪಿಸಿದ್ದಲ್ಲ, ಇದು ಸಾಕ್ಷ್ಯಚಿತ್ರ.

ಆದರೆ ಮಾನ್ಯರೇ, ತಮ್ಮ ದೆವ್ವದ ಕಾರ್ಯಕ್ರಮ ನನಗೆ ಅರ್ಥವಾಗುವುದಿಲ್ಲ. ಗೋಡೆಯೊಳಗಿನಿಂದ ಹಾಯ್ದು ಬರಬಲ್ಲ, ಕಬ್ಬಿಣದ ಕಪಾಟನ್ನು ಬೆರಳಿನಿಂದ ತಳ್ಳಬಲ್ಲ ಆಕೆಗೆ ತನ್ನನ್ನು ಮೆಟ್ಟಿಲಿನಿಂದ ದೂಡಿದ ಮನೆಮಾಲೀಕ ಪಕ್ಕದ ಓಣಿಯಲ್ಲೇ ಚಾದಂಗಡಿಯಲ್ಲಿ ಕೂತಿರುವುದು ಗೊತ್ತು. ನೇರ ಹೋಗಿ ವಿಚಾರಿಸಬಹುದಿತ್ತು. ಅದನ್ನು ಬಿಟ್ಟು ಎರಡು ತಾಸು ಬಾಡಿಗೆದಾರರ ಮಗುವಿನ ಗೊಂಬೆಯ ತಲೆಯನ್ನು ತಿರುಗಿಸುತ್ತ ಕೂರುತ್ತಾಳೆ. ಸರ್ಕಾರಿ ಕಚೇರಿಯಲ್ಲಿ ಇದಕ್ಕಿಂತ ಬೇಗ ಕೆಲಸವಾಗುತ್ತದೆ. ಎಲ್ಲವನ್ನೂ ಕಣ್ಣಾರೆ ಕಂಡ ಮುದುಕನೊಬ್ಬ ಕಟ್ಟೆಯ ಮೇಲೆ ಬೀಡಿ ಸೇದುತ್ತ ಮಧ್ಯಂತರದವರೆಗೆ ಸುಮ್ಮನೆ ಕೂತಿರುತ್ತಾನೆ, ಇಬ್ಬರು ಸತ್ತ ಮೇಲೆ ‘ನಿಮಗೆ ಹೇಳಬೇಕೆಂದಿದ್ದೆ’ ಎನ್ನುತ್ತಾನೆ.

ಈ ಕಥೆ ನಮ್ಮ ಓಣಿಯಲ್ಲಿ ಹತ್ತು ನಿಮಿಷವೂ ಬಾಳುವುದಿಲ್ಲ. ಸಾಮಾನಿನ ಗಾಡಿ ತಿರುವಿನಲ್ಲಿ ಕಾಣಿಸಿದೊಡನೆ ಎದುರುಮನೆಯ ಗುರುಲಿಂಗವ್ವ ಕಟ್ಟೆಯಿಂದಲೇ, “ಆ ಮನಿ ಹಿಡದೀರೇನವಾ? ಅಲ್ಲೊಬ್ಬಾಕಿ ಬಸರಿ ಬಿದ್ದ ಸತ್ತಾಳ, ಮಾಲಕನ ದೂಡ್ಯಾನಂತ ಸುದ್ದಿ, ಮ್ಯಾಲ ನಳಕ್ಕ ನೀರೂ ಸರಿ ಬರಂಗಿಲ್ಲ” ಎಂದು ಕೊಲೆ, ಕೊಲೆಗಾರ, ಪೂರ್ವಕಥೆ, ನೀರಿನ ವ್ಯವಸ್ಥೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ ಮುಗಿಸುತ್ತಿದ್ದರು. ದೀಪ ಮಿಣುಕುವುದಕ್ಕೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ, ಮಿಣುಕದಿದ್ದರೆ ಏನಾಯಿತೆಂದು ಹೊರಗೆ ಬಂದು ಕೇಳುತ್ತಾರೆ. ಇನ್ನು ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು! ಇಳಕಲ್ಲಿನಲ್ಲಿ ಒಬ್ಬಳೇ ಇರಬೇಕೆಂದರೆ ಬಚ್ಚಲಿಗೇ ಹೋಗಬೇಕು. ಆದ್ದರಿಂದ ಮುಂದಿನ ಚಿತ್ರದಲ್ಲಿ ಬೇರೆ ಏನಿಲ್ಲದಿದ್ದರೂ ಎದುರುಮನೆಗೊಬ್ಬ ಗುರುಲಿಂಗವ್ವನನ್ನು ಕೊಡಬೇಕೆಂದು ಕೋರುತ್ತೇನೆ. ಚಿತ್ರ ಚಿಕ್ಕದಾಗುತ್ತದೆ, ಆದರೆ ಜೀವಗಳು ಉಳಿಯುತ್ತವೆ.

ಇಷ್ಟು ನಕ್ಕ ಮೇಲೆ ಪ್ರಿಯದರ್ಶಿನಿಯ ಮಾತಿಗೆ ಬರಬೇಕು, ಮತ್ತು ಅದನ್ನು ಹೇಗೆ ಬರೆಯಬೇಕೆಂದು ನನಗೆ ಸರಿಯಾಗಿ ತಿಳಿಯದು. ಇದು ಅವಳಿಗೆ ಎರಡನೆಯ ಬಸುರು. ಹೋದ ವರ್ಷ ನಾಲ್ಕನೆಯ ತಿಂಗಳಲ್ಲಿ ಮೊದಲನೆಯದು ಉಳಿಯಲಿಲ್ಲ. ಆ ದಿನ ಸ್ಕ್ಯಾನಿಂಗಿಗೆ ಅವಳ ಜೊತೆ ಹೋದವಳು ನಾನು. ಆ ಕೋಣೆಯಲ್ಲಿ ಪಿಟೀಲು ಇರಲಿಲ್ಲ, ದೀಪಗಳು ನೆಟ್ಟಗೆ ಉರಿಯುತ್ತಿದ್ದವು, ಗೋಡೆಯ ಮೇಲೆ ನಗುವ ಕೂಸಿನ ಚಿತ್ರವಿತ್ತು. ಡಾಕ್ಟರು ಅವಳ ಊರಿನ ಬಗ್ಗೆ ಮಾತಾಡುತ್ತ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು, ಕೈಯಲ್ಲಿದ್ದುದನ್ನು ಅತ್ತ ಸರಿಸಿದರು, ಇತ್ತ ಸರಿಸಿದರು, ಮಾತು ನಿಲ್ಲಿಸಿದರು. ಆಮೇಲೆ ಪರದೆಯನ್ನು ತುಸುವೇ ತಮ್ಮ ಕಡೆಗೆ ತಿರುಗಿಸಿಕೊಂಡರು. ಅಷ್ಟೇ ಆದದ್ದು. ಪ್ರಿಯದರ್ಶಿನಿ ನನ್ನ ಮುಖ ನೋಡಿದಳು, ನಾನು ಗೋಡೆಯ ಕೂಸನ್ನು ನೋಡಿದೆ. ಭಯಕ್ಕಾಗಿ ತಾವು ಇಷ್ಟೆಲ್ಲ ಖರ್ಚು ಮಾಡುತ್ತೀರಿ, ಹೊಗೆ ಬಿಡುತ್ತೀರಿ, ಕಾಗೆ ತರಿಸುತ್ತೀರಿ. ಆ ಅರ್ಧ ತಿರುಗಿದ ಪರದೆಯ ಮುಂದೆ ಅವೆಲ್ಲ ಮಕ್ಕಳಾಟ.

ತಮ್ಮ ಚಿತ್ರದ ಗುಟ್ಟು ಬಿಚ್ಚಿಕೊಳ್ಳುವುದು ಕುಬುಸದ ದಿನ ಚಂದ್ರಕಾಳಿ ಉಟ್ಟ ಬಸುರಿಯೊಬ್ಬಳು ಮೆಟ್ಟಿಲಿನಿಂದ ಬಿದ್ದು, ಹೊಟ್ಟೆಯಲ್ಲಿದ್ದುದರ ಸಮೇತ ಸಾಯುವಲ್ಲಿ. ಅದನ್ನು ಪ್ರಿಯದರ್ಶಿನಿ ಒಬ್ಬಳೇ ಕೂತು ಮೊಬೈಲಿನಲ್ಲಿ ನೋಡಿದಳು. ಆ ಮೆಟ್ಟಿಲನ್ನು ಅವಳು ದಿನಾ ಹತ್ತುತ್ತಾಳೆ. ಸೀರೆಯ ಆನೆಗಳನ್ನು ಅವಳು ಮದುವೆಯಾಗಿ ಬಂದ ವಾರವೇ ಅತ್ತೆಯ ಟ್ರಂಕಿನಲ್ಲಿ ನೋಡಿದ್ದಳು. ನಾನು ಫೋನಿನಲ್ಲಿ ತಿಳಿಹೇಳಲು ಹೋದೆ: ಸೀರೆಗೂ ಬಸುರಿಗೂ ಸಂಬಂಧವಿಲ್ಲ, ಅದು ನಟನೆ, ಹೊಟ್ಟೆ ನಮ್ಮದೇ ತಲೆದಿಂಬು. ಅವಳು ಎಲ್ಲವನ್ನೂ ಕೇಳಿ, “ದೆವ್ವದ ಅಂಜಿಕಿ ಅಲ್ಲ ಪದ್ಮಕ್ಕಾ. ಆ ಸೀರಿ ಉಟ್ಟಾಕಿ ಕಥಿ ಹೆಂಗ ಮುಗೀತದ ಅಂತ ನೋಡಿಬಿಟ್ಟೇನಲ್ಲಾ” ಎಂದಳು.  ಇದಕ್ಕೆ ತಮ್ಮ ಹತ್ತಿರ ಉತ್ತರವಿದ್ದರೆ ತಿಳಿಸಬೇಕು.

ನನ್ನ ತಾಯಿ ಚಿತ್ರವನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಸೊಸೆ ಸೀರೆ ಒಲ್ಲೆನೆಂದದ್ದಕ್ಕೆ ಅವರು ಸಿಟ್ಟಾಗಲಿಲ್ಲ, ಸಿಟ್ಟೆಲ್ಲ ತಮ್ಮ ಮೇಲೆಯೇ. “ನಮ್ಮ ಮನ್ಯಾಗ ಉಡಿ ತುಂಬಿಸಿಕೊಂಡ ಹೋದಾಕಿ ಅತೃಪ್ತ ಆತ್ಮ ಹೆಂಗಾಗ್ತಾಳ? ನಾ ಏನ ಕಡಿಮಿ ಹಾಕಿದ್ದೆ? ಹಚ್ಚೋ ಸತ್ಯಾ, ನೋಡೇಬಿಡೂಣು” ಎಂದರು. ಹೀಗೆ ಒಂದು ರವಿವಾರ ಮಧ್ಯಾಹ್ನ, ಕಿಟಕಿಗಳೆಲ್ಲ ತೆರೆದಿರುವಾಗ, ಹುಣಸೇಹಣ್ಣಿನ ರಾಶಿಯನ್ನು ನಡುವೆ ಹಾಕಿಕೊಂಡು ಬೀಜ ಬಿಡಿಸುತ್ತ ನಾವು ತಮ್ಮ ಚಿತ್ರವನ್ನು ಟಿ.ವಿ.ಯಲ್ಲಿ ನೋಡಿದೆವು. ಗುರುಲಿಂಗವ್ವ ತಮ್ಮದೇ ಈಳಿಗೆಮಣೆ ತಂದಿದ್ದರು. ನಾನು ಬಾಗಲಕೋಟೆಯಿಂದ ಹೋಗಿದ್ದೆ. ಪ್ರಿಯದರ್ಶಿನಿ ಟಿ.ವಿ.ಗೆ ಬೆನ್ನು ಮಾಡಿ ಕೂತಳು, ಆದರೆ ಎದ್ದು ಹೋಗಲಿಲ್ಲ.

ತಾವು ವರ್ಷಗಟ್ಟಲೆ ಕಷ್ಟಪಟ್ಟು ಕಟ್ಟಿದ ಭಯವನ್ನು ನನ್ನ ತಾಯಿ ಹುಣಸೇಬೀಜದಂತೆ ಒಂದೊಂದಾಗಿ ಬಿಡಿಸಿ ಒಗೆದರು. ಬಾಗಿಲು ಕಿರುಗುಟ್ಟಿದಾಗ, “ಅಯ್ಯ, ಅದು ನಮ್ಮ ಹಿತ್ತಲ ಬಾಗಲಾ. ಸತ್ಯಾ, ಒಂದ ಹನಿ ಎಣ್ಣಿ ಬಿಡೋ ಅಂತ ಎಷ್ಟ ಸಲ ಹೇಳೀನಿ?” ಎಂದರು. ಕನ್ನಡಿಯಲ್ಲಿ ನಾಯಕಿಯ ಹಿಂದೆ ದೆವ್ವ ನಿಂತಾಗ, “ಕನ್ನಡಿ ಒರಸಿ ಯಾವ ಕಾಲ ಆತೋ” ಎಂದರು. ಗುರುಲಿಂಗವ್ವನಿಗೆ ದೆವ್ವದ ಮೇಲೆ ಬೇರೆಯೇ ಕಾಳಜಿ: “ಬಾಯಾರ, ಆ ಹುಡುಗಿ ಕೂದಲಾ ನೋಡ್ರಿ, ಎಷ್ಟ ಉದ್ದ ಅದಾವು. ಎಣ್ಣಿ ಇಲ್ಲದ ಹಾಳಾಗ್ಯಾವು.” ಮಂತ್ರವಾದಿ ಬಂದು ನಿಂಬೆಹಣ್ಣು ಕೊಯ್ದಾಗ ಅವರೇ, “ಇಷ್ಟೊಂದ ನಿಂಬಿಹಣ್ಣಿನ್ಯಾಗ ಒಂದ ವರ್ಷದ ಉಪ್ಪಿನಕಾಯಿ ಆಕ್ಕಿತ್ತಲ್ಲೋ ಯಪ್ಪಾ” ಎಂದು ಮರುಗಿದರು. ಕಿಟಕಿಯಲ್ಲಿ ಕೈ ಕಾಣಿಸಿದ ಕ್ಷಣದಲ್ಲಿ ನಿಜವಾಗಿ ಹಾರಿಬಿದ್ದವನು ಸತ್ಯಬೋಧನೊಬ್ಬನೇ, ಅವನು ಹುನಗುಂದದ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಾನೆ.

ಆಮೇಲೆ ಪೂರ್ವಕಥೆ ಬಂದಿತು. ಕುಬುಸದ ದೃಶ್ಯದಲ್ಲಿ ಆರತಿ ಎತ್ತುವವರು ತಟ್ಟೆ ಹಿಡಿದ ರೀತಿಗೆ ಇಬ್ಬರು ಹಿರಿಯರೂ ನಾಲಿಗೆ ಕಚ್ಚಿಕೊಂಡರು. ಅವಳು ಮೆಟ್ಟಿಲು ಹತ್ತಿದಳು, ಮಾಲೀಕ ಹಿಂದೆ ಬಂದ, ಅವಳು ಬಿದ್ದಳು. ಪ್ರಿಯದರ್ಶಿನಿಯ ಕೈ ನಿಂತಿತು. ಪರದೆ ಕಪ್ಪಾಗಿ, ಅದರ ಮೇಲೆ ‘ಹನ್ನೆರಡು ವರ್ಷಗಳ ನಂತರ’ ಎಂಬ ಅಕ್ಷರಗಳು ಮೂಡಿದವು.

“ತಡಿಯೋ ಸತ್ಯಾ” ಎಂದರು ನನ್ನ ತಾಯಿ. “ಮುಂದ ಏನಾತು?”

“ಹನ್ನೆರಡ ವರ್ಷ ಆತಮ್ಮಾ.”

“ಅದಲ್ಲೋ. ಆಕಿ ಬಿದ್ದ ಮ್ಯಾಲ. ಯಾರರೆ ಓಡಿ ಬಂದ್ರೇನು? ಒಬ್ಬರರೆ ಕೂತ ಅತ್ತರೇನು? ಅದನ್ನ ಯಾಕ ತೋರಸಲಿಲ್ಲ ಇವ್ರು?”

ಪ್ರಿಯದರ್ಶಿನಿ ಬೆನ್ನು ತಿರುಗಿಸದೆಯೇ, ಸಣ್ಣ ದನಿಯಲ್ಲಿ, “ನಂದಕ್ಕೂ ಯಾರೂ ಅಳಲಿಲ್ಲಲ್ಲ, ಅತ್ಯಾ” ಎಂದಳು.

ಮಾನ್ಯರೇ, ತಮ್ಮ ಸಂಕಲನಕಾರರ ಕತ್ತರಿಯನ್ನು ನಾನು ಇಷ್ಟು ಹೊತ್ತು ಆಡಿಕೊಳ್ಳಬೇಕೆಂದಿದ್ದೆ. ಆದರೆ ನಾವು ಮಾಡಿದ್ದೂ ಅದೇ. ಅವಳನ್ನು ದವಾಖಾನೆಯಿಂದ ಮನೆಗೆ ಕರೆತಂದ ಮರುದಿನ ಎಂದಿನಂತೆ ಚಹಾ ಆಯಿತು, ಧಾರಾವಾಹಿ ಆಯಿತು, ಅಂಗಳದಲ್ಲಿ ಹಪ್ಪಳ ಒಣಗಿದವು. ಅವಳ ಮುಂದೆ ಯಾರೂ ಆ ಮಾತು ತೆಗೆಯಲಿಲ್ಲ. ಎಲ್ಲವೂ ಪ್ರೀತಿಯಿಂದಲೇ, ಅವಳು ಮರೆಯಲೆಂದೇ. ಬಿದ್ದ ಕಡೆಯಿಂದ ಕತ್ತರಿಸಿ ‘ಕೆಲವು ತಿಂಗಳುಗಳ ನಂತರ’ ಎಂಬಲ್ಲಿಗೆ ನೇರವಾಗಿ ಜೋಡಿಸಿಬಿಟ್ಟಿದ್ದೆವು. ಕತ್ತರಿಸಿದ ಭಾಗವನ್ನು ಅವಳು ಒಬ್ಬಳೇ ನೋಡುತ್ತಿದ್ದಳು.

ನನ್ನ ತಾಯಿ ಹುಣಸೆಯ ಅಂಟು ಕೈಯನ್ನು ಮೇಲೆತ್ತಿ ಹಿಡಿದುಕೊಂಡೇ, ಕೂತಲ್ಲಿಂದಲೇ ಅವಳ ಕಡೆ ಸರಿದರು. “ನಾ ಅತ್ತೇನವಾ. ಬಚ್ಚಲದಾಗ, ನಳಾ ಬಿಟ್ಟಕೊಂಡು. ನಿನ್ನ ಕಿವಿಗೆ ಬಿದ್ರ ಇನ್ನಷ್ಟ ಕುಗ್ಗತಿ ಅಂತ.”

“ನಾನೂ ಅಲ್ಲೇ ಅಳತಿದ್ದೆ ಅತ್ಯಾ,” ಎಂದಳು ಪ್ರಿಯದರ್ಶಿನಿ. “ನಳಾ ಬಿಟ್ಟಕೊಂಡು.”

ಗುರುಲಿಂಗವ್ವ ಮೂಗು ಒರೆಸಿಕೊಳ್ಳುತ್ತ, “ಅದಕ್ಕ ಹೋದ ವರ್ಷ ನಿಮ್ಮ ಟಾಕ್ಯಾಗ ನೀರ ನಿಲ್ಲತಿದ್ದಿಲ್ಲ. ನಾ ಟಾಕಿ ಒಡದೈತಿ ಅನಕೊಂಡಿದ್ನಿ” ಎಂದರು.

ಮೊದಲು ನಕ್ಕವರು ಯಾರೋ ತಿಳಿಯದು. ಆಮೇಲೆ ಅತ್ತವರು ಯಾರು, ನಕ್ಕವರು ಯಾರು ಎಂಬುದೂ ತಿಳಿಯದು. ಅತ್ತೆ ಸೊಸೆಯ ತಲೆಯನ್ನು ಮಣಿಕಟ್ಟಿನಿಂದಲೇ ಎದೆಗೆ ಒತ್ತಿಕೊಂಡಿದ್ದರು, ಬೆರಳುಗಳಿಗೆ ಹುಣಸೆ ಮೆತ್ತಿತ್ತಲ್ಲ. ಅಷ್ಟು ಹೊತ್ತು ತಮ್ಮ ದೆವ್ವ ಮೂಲೆಯ ಟಿ.ವಿ.ಯಲ್ಲಿ ತನ್ನ ಮುಖ್ಯವಾದ ಕೆಲಸದಲ್ಲಿ ತೊಡಗಿತ್ತು: ಕೂಗುತ್ತಿತ್ತು, ಗಾಳಿಯಲ್ಲಿ ಏಳುತ್ತಿತ್ತು, ಕೊನೆಗೂ ಮಾಲೀಕನನ್ನು ಹುಡುಕಿ ಹೋಗಿ ಅವನ ಕತ್ತು ತಿರುಚುತ್ತಿತ್ತು. ಪಾಪ, ಒಬ್ಬರೂ ತಿರುಗಿ ನೋಡಲಿಲ್ಲ. ಒಬ್ಬ ಕಲಾವಿದೆಗೆ ಇಂಥ ಅವಮಾನವಾದದ್ದಕ್ಕೆ ನಮ್ಮ ಮನೆಯವರ ಪರವಾಗಿ ವಿಷಾದಿಸುತ್ತೇನೆ.

ಕಡೆಗೆ ಪ್ರಿಯದರ್ಶಿನಿ ಕಣ್ಣೊರೆಸಿಕೊಂಡು ಟಿ.ವಿ.ಯ ಹತ್ತಿರ ಹೋಗಿ, ದೆವ್ವವನ್ನು ಮೊದಲ ಸಲ ನೆಟ್ಟಗೆ ನೋಡಿದಳು. “ಈಕಿಗೆ ನಿರಿಗಿ ಹಿಡೀಲಿಕ್ಕೇ ಬರಂಗಿಲ್ಲ ಅತ್ಯಾ. ನಿಮ್ಮ ಆನಿ ಎಲ್ಲಾ ಒಳಗ ಮುಚ್ಚಿ ಹೋಗ್ಯಾವು” ಎಂದಳು. ನನ್ನ ತಾಯಿ ಕೈ ತೊಳೆಯಲು ಎದ್ದು ಹೋದವರು ನಳ ಬಿಡದೆ, ಚೆಂಬಿನಿಂದ ತೊಳೆದುಕೊಂಡರು.

ಕುಬುಸ ಹೋದ ಶುಕ್ರವಾರ ಆಯಿತು. ಚಂದ್ರಕಾಳಿಯನ್ನು ಅವಳೇ ಕೇಳಿ ಉಟ್ಟಳು, ಆನೆಗಳೆಲ್ಲ ಹೊರಗೆ ಕಾಣುವಂತೆ ನಿರಿಗೆ ಹಿಡಿದು. ಓಣಿಯ ಹೆಂಗಸರಿಗೆಲ್ಲ ಅದು ಆಗಲೇ ‘ದೆವ್ವದ ಸೀರಿ’ ಎಂದು ಗೊತ್ತಾಗಿತ್ತು, ಗುರುಲಿಂಗವ್ವ ಇದ್ದಾರಲ್ಲ. ಆರತಿ ಮುಗಿದದ್ದೇ ತಡ, ಎಲ್ಲರಿಗೂ ಅದರ ಜೊತೆ ಫೋಟೋ ಬೇಕಾಯಿತು. ಬಸುರಿ ಮೊದಲು ನಾಚಿದಳು. ಆಮೇಲೆ ಮುಡಿದ ದಂಡೆಯನ್ನು ತೆಗೆದಿಟ್ಟು, ಕೂದಲು ಬಿಚ್ಚಿ ಮುಖದ ಮೇಲೆ ಹರವಿಕೊಂಡು, ಎರಡೂ ಕೈ ಮುಂದೆ ಚಾಚಿ, ಅಷ್ಟು ದೊಡ್ಡ ಹೊಟ್ಟೆಯೊಂದಿಗೆ ಪಡಸಾಲೆಯಲ್ಲಿ ನನ್ನ ಕಡೆ ನಡೆದು ಬಂದಳು. ನಾನು ಚೀರಿದೆ, ಅದು ಅಭಿನಯವೆಂದು ಹೇಳಿದರೆ ಸುಳ್ಳಾದೀತು. “ಏ ಹುಚ್ಚೀ, ಕೂದಲಾ ಕಟ್ಟಕೊ! ಹೊಟ್ಟ್ಯಾಗಿನ ಕೂಸ ಅಂಜೀತು” ಎಂದು ನನ್ನ ತಾಯಿ ಬೈದರು. “ಅಂಜೂದಿಲ್ಲರಿ ಅತ್ಯಾ, ಒದೀಲಿಕ್ಕತ್ತದ” ಎಂದಳು ಕೂದಲಿನ ಒಳಗಿನಿಂದ.

ಹಾಗಾಗಿ ದೂರು ಬಗೆಹರಿಯಿತೆಂದು ತಾವು ತಿಳಿಯಬಾರದು. ಹೆರಿಗೆಗೆ ಇನ್ನೂ ಸಮಯವಿದೆ. ಪ್ರತಿ ಸಲ ಅವಳು ತಪಾಸಣೆಗೆ ಹೋದ ದಿನ, ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರನ್ನು ಹಾಗೆಯೇ ಬಿಟ್ಟು ಫೋನು ನೋಡುತ್ತೇನೆ. ಪರದೆ ಯಾವ ಕಡೆ ತಿರುಗಿತ್ತೆಂದು ಮೊದಲು ಕೇಳುತ್ತೇನೆ. ತಮ್ಮಂಥವರ ಕಥೆಗಳಲ್ಲಿ ಎಲ್ಲವೂ ಸುಖವಾಗಿ ಮುಗಿದು, ಕುಟುಂಬ ಕಾರು ಹತ್ತಿ, ಹಕ್ಕಿಗಳು ಕೂಗಿದ ಮೇಲೆ, ಮಣ್ಣಿನೊಳಗಿನಿಂದ ಒಂದು ಕೈ ಹೊರಬರುತ್ತದೆ. ಅದೊಂದನ್ನು ನೋಡಿ ನೋಡಿ ನನಗೆ ಯಾವ ಸುಖದ ಮೇಲೂ ಪೂರ್ತಿ ನಂಬಿಕೆ ಬರದ ಹಾಗಾಗಿದೆ. ಇದು ತಮ್ಮ ತಪ್ಪೋ, ನನ್ನ ಸ್ವಭಾವವೋ ಹೇಳಲಾರೆ. ಆದರೂ ತಮ್ಮಲ್ಲಿ ಕೈಮುಗಿದು ಕೇಳುವುದಿಷ್ಟು: ಇನ್ನೆರಡು ತಿಂಗಳ ಮಟ್ಟಿಗೆ ತಾವೂ, ತಮ್ಮ ಸಂಘದ ಸಮಸ್ತ ನಿರ್ದೇಶಕರೂ ಆ ಕೊನೆಯ ಕೈಯನ್ನು ಮಣ್ಣಿನ ಒಳಗೇ ಇಟ್ಟುಕೊಂಡಿರಬೇಕು. ತಮ್ಮ ಚಿತ್ರದ ಆ ಕಪ್ಪು ಪರದೆಯ ಜಾಗದಲ್ಲಿ, ಬಿದ್ದವಳ ಹತ್ತಿರ ಯಾರಾದರೂ ಕೂತು ಅಳುವುದನ್ನು ಸೇರಿಸಿ, ಮತ್ತೆ ಬಿಡುಗಡೆ ಮಾಡಬೇಕು. ಹಾಗೆ ಮಾಡಿದರೆ ಅವಳು ದೆವ್ವವಾಗಲು ಕಾರಣವೇ ಉಳಿಯುವುದಿಲ್ಲ ಮತ್ತು ತಮ್ಮ ಚಿತ್ರ ಅಲ್ಲಿಗೇ ಮುಗಿದುಹೋಗುತ್ತದೆ ಎಂಬುದನ್ನು ಬಲ್ಲೆ. ನಷ್ಟವನ್ನು ದೊಡ್ಡ ಮನಸ್ಸಿನಿಂದ ಭರಿಸಬೇಕೆಂದು ಪ್ರಾರ್ಥನೆ.

ತಮ್ಮಿಂದ ಹೆದರಿ, ತಮ್ಮಿಂದಲೇ ಅಷ್ಟಿಷ್ಟು ಧೈರ್ಯ ಕಲಿತ,
ತಮ್ಮ ವಿಶ್ವಾಸಿ,
ಪದ್ಮಜಾ
ನವನಗರ, ಬಾಗಲಕೋಟೆ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಇಳಕಲ್ಲಿನಿಂದ ಸುದ್ದಿ ಬಂದಿತು. ಎರಡನೆಯ ಭಾಗವನ್ನೂ ನಮ್ಮ ಮನೆಯಲ್ಲೇ ಚಿತ್ರೀಕರಿಸಬಹುದೇ ಎಂದು ತಮ್ಮ ವ್ಯವಸ್ಥಾಪಕರು ಇಂದು ಬೆಳಿಗ್ಗೆ ಫೋನು ಮಾಡಿದ್ದರಂತೆ. ನನ್ನನ್ನು ಕೇಳಿದ್ದರೆ ಚೆನ್ನಾಗಿಯೇ ಉತ್ತರಿಸುತ್ತಿದ್ದೆ. ಫೋನು ಎತ್ತಿದವರು ನನ್ನ ತಾಯಿ. ಅವರು ಕೊಟ್ಟ ಮಾತನ್ನು ಇದ್ದದ್ದು ಇದ್ದಂತೆ ತಿಳಿಸುತ್ತೇನೆ, ಕರಾರಿನಲ್ಲಿ ಸೇರಿಸಿಕೊಳ್ಳಬೇಕು: “ದೀಪಾವಳಿ ಆದ ಮ್ಯಾಲ ಬರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿಮ್ಮ ದೆವ್ವಕ್ಕ ಮೊದಲ ಹೇಳಿಡ್ರಿ, ಮಧ್ಯಾಹ್ನ ನಮ್ಮ ಕೂಸ ಮಲಗಿರ್ತದ, ಆಗ ಚೀರಂಗಿಲ್ಲ.”